ಕೈಗಡ ಹೋದ ಬಿ.ಪಿ. ಮಾತ್ರೆ

ಶನಿವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ನನ್ನ ಹೆಂಡತಿ ಸೊಂಟಕ್ಕೆ ಹಗ್ಗ ಸುತ್ತಿಕೊಂಡಳು.

ಗಾಬರಿಯಾಗಬೇಡಿ. ಅದು ಸಂಸೆಯ ಕೆಸರುಗದ್ದೆ ಕ್ರೀಡಾಕೂಟ. ಮಹಿಳೆಯರ ಹಗ್ಗಜಗ್ಗಾಟದ ಫೈನಲ್. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಗದ್ದೆಯ ಬದುವಿನ ಮೇಲೆ ಊರಿಗೆ ಊರೇ ನಿಂತಿತ್ತು. ನಾನು ಮೂಡಿಗೆರೆಯಿಂದ ಬಂದ ಅಳಿಯ. ಆದ್ದರಿಂದ ನನಗೊಂದು ಪ್ಲಾಸ್ಟಿಕ್ ಕುರ್ಚಿ, ಕೈಗೊಂದು ಚುರುಮುರಿ ಪೊಟ್ಟಣ ಸಿಕ್ಕಿತ್ತು. ಜೀವನ ಸುಖವಾಗಿತ್ತು.

ಗಾಬರಿಯಾಗಬೇಡಿ ಅಂದೆನಲ್ಲ, ಆ ಮಾತು ವಾಪಸ್. ಹಗ್ಗಜಗ್ಗಾಟ ಆಡಲೇಬಾರದ ಕೆಲವರು ಈ ಭೂಮಿಯ ಮೇಲಿದ್ದಾರೆ. ಅಂಥವರಲ್ಲಿ ಒಬ್ಬಳನ್ನು ನಾನು ಮದುವೆಯಾಗಿದ್ದೇನೆ.

ಶೈಲಾ ನನಗಿಂತ ಒಂದು ಗೇಣು ಎತ್ತರ. ಮದುವೆಯ ಫೋಟೋದಲ್ಲಿ ನಾನು ಮಣೆಯ ಮೇಲೆ ನಿಂತಿದ್ದೇನೆ. (ಮಣೆ ಕಾಣದ ಹಾಗೆ ಪಂಚೆ ಇಳಿಬಿಡಿಸಿದ ಫೋಟೋಗ್ರಾಫರ್ ನೂರು ಕಾಲ ಬಾಳಲಿ.) ಅವಳ ತವರಿನಲ್ಲಿ ಬಹಳ ಮಂದಿ ಹಾಗೆಯೇ. ಉದ್ದ ಕೈ, ಉದ್ದ ಬೆರಳು. ಏಣಿ ತರುವುದರೊಳಗೆ ಬಳ್ಳಿಯ ಕೆಳಭಾಗದ ಕಾಳುಮೆಣಸನ್ನೆಲ್ಲ ನಿಂತಲ್ಲೇ ಕೊಯ್ದು ಮುಗಿಸುವ ಜನ. ಅದನ್ನು ಅವರು ಮನೆತನದ ಹೆಮ್ಮೆ ಅಂದುಕೊಂಡಿದ್ದರು. ಅವಳ ಅಪ್ಪ ಕಾಫಿ ಕಣದಲ್ಲಿ ಮೂಟೆ ಎತ್ತುವಾಗ ಕುಸಿದು ತೀರಿಕೊಂಡರು. ಊರು ‘ಹಾರ್ಟ್ ಅಟ್ಯಾಕ್’ ಅಂದಿತು. ಹೆಚ್ಚು ಯಾರೂ ಕೇಳಲಿಲ್ಲ.

ಕೇಳಿದ್ದು ಚಿಕ್ಕಮಗಳೂರಿನ ಒಬ್ಬ ಕಣ್ಣಿನ ಡಾಕ್ಟರು. ಅದೂ ಎಷ್ಟೋ ವರ್ಷದ ಮೇಲೆ, ಶೈಲಾ ಕನ್ನಡಕ ಬದಲಾಯಿಸಲು ಹೋದಾಗ. ಕಣ್ಣೊಳಗಿನ ಮಸೂರ ತನ್ನ ಜಾಗದಿಂದ ಸರಿದಿತ್ತು. ಅವರು ಕಣ್ಣು ಬಿಟ್ಟು ಅವಳ ಬೆರಳುಗಳನ್ನು ನೋಡತೊಡಗಿದರು. ಆಮೇಲೆ ಎತ್ತರ ಕೇಳಿದರು. ಅಪ್ಪ ಹೇಗೆ ಹೋದರು ಎಂದು ಕೇಳಿದರು. ಕೊನೆಗೆ, ‘ಹೃದಯದ ಎಕೋ ಮಾಡಿಸಿ’ ಎಂದರು. ಕನ್ನಡಕಕ್ಕೆ ಹೋದವಳಿಗೆ ಎಕೋ. ನಾನು ನಕ್ಕಿದ್ದೆ. ರಿಪೋರ್ಟು ಬಂದ ಮೇಲೆ ನಗಲಿಲ್ಲ.

ಮಾರ್ಫನ್ ಸಿಂಡ್ರೋಮ್ ಎಂದು ಹೆಸರು. ದೇಹವನ್ನು ಬಿಗಿಯಾಗಿ ಹಿಡಿದಿಡುವ ಅಂಗಾಂಶ ಹುಟ್ಟಿನಿಂದಲೇ ಸ್ವಲ್ಪ ಸಡಿಲ. ಬಹಳ ಸಲ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರುತ್ತದೆ. ಎತ್ತರ, ಉದ್ದ ಬೆರಳು ಇವೆಲ್ಲ ಹೊರಗೆ ಕಾಣುವ ಮಾತಾಯಿತು. ಒಳಗೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಧಮನಿ, ಬುಡದಲ್ಲಿ ಮೆಲ್ಲಗೆ ಅಗಲವಾಗುತ್ತಾ ಹೋಗುತ್ತದೆ. ತೀರಾ ಅಗಲವಾದರೆ ಅದರ ಗೋಡೆ ಸೀಳಬಹುದು. ಸೀಳಿದರೆ ಏನಾಗುತ್ತದೆ ಎಂಬ ವಾಕ್ಯವನ್ನು ಹೃದಯದ ಡಾಕ್ಟರು ಪೂರ್ತಿ ಮಾಡಲಿಲ್ಲ. ನಾನೂ ಮಾಡುವುದಿಲ್ಲ.

ಇದಕ್ಕೆ ಔಷಧ ಏನು ಗೊತ್ತೆ? ಬಿ.ಪಿ. ಮಾತ್ರೆ.

ಹೌದು, ನಿಮ್ಮ ಮಾವನವರು ತಿಂಡಿಯ ಜೊತೆ ನುಂಗುವ ಅದೇ ಲೋಸಾರ್ಟನ್, ಅದೇ ಅಟೆನೊಲಾಲ್. ಶೈಲಾಗೆ ಬಿ.ಪಿ. ಇಲ್ಲ. ಯಾವತ್ತೂ ಇರಲಿಲ್ಲ. ಆದರೆ ಆ ದುರ್ಬಲ ನಾಳದ ಮೇಲೆ ಪ್ರತಿ ಬಡಿತಕ್ಕೂ ಬೀಳುವ ಹೊಡೆತವನ್ನು ಮೆದು ಮಾಡಬೇಕು. ಆ ಕೆಲಸ ಈ ಮಾತ್ರೆಗಳದ್ದು. ಅಗಲವಾದದ್ದನ್ನು ಇವು ಮೊದಲಿನಂತೆ ಮಾಡುವುದಿಲ್ಲ, ಇನ್ನಷ್ಟು ಅಗಲವಾಗುವುದನ್ನು ನಿಧಾನ ಮಾಡುತ್ತವೆ. ವರ್ಷಕ್ಕೊಮ್ಮೆ ಎಕೋ ಮಾಡಿ ಅಳೆಯಬೇಕು. ಒಂದು ಅಳತೆ ದಾಟಿದರೆ ಆಪರೇಷನ್. ಅಲ್ಲಿಯವರೆಗೆ ದಿನವೂ ಮಾತ್ರೆ. ಮೂಟೆ ಎತ್ತಬಾರದು, ಉಸಿರು ಬಿಗಿಹಿಡಿದು ತಳ್ಳಬಾರದು, ಎಳೆಯಬಾರದು.

ಎಳೆಯಬಾರದು. ಮದುವೆಗೆ ಮುಂಚೆ ನನ್ನ ಹೆಂಡತಿ ಊರಿನ ಹಗ್ಗಜಗ್ಗಾಟದ ಟೀಮಿನಲ್ಲಿ ಯಾವ ಜಾಗದಲ್ಲಿ ನಿಲ್ಲುತ್ತಿದ್ದಳು ಎಂದು ಪ್ರತ್ಯೇಕ ಹೇಳಬೇಕೆ? ಕಟ್ಟಕಡೆಗೆ. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಹಿಂದಕ್ಕೆ ವಾಲಿ, ಇಡೀ ಟೀಮಿನ ಭಾರ ತಡೆಯುವವರ ಜಾಗ.

ಈ ಸಲ ಅವಳಿಗೆ ಕೊಟ್ಟಿದ್ದ ಕೆಲಸ ಅಂಕ ಬರೆಯುವುದು. ಫೈನಲ್ಲಿಗೆ ಮುಂಚೆ ತುದಿಯಲ್ಲಿ ನಿಲ್ಲಬೇಕಿದ್ದ ಹುಡುಗಿಯ ಕಾಲು ಉಳುಕಿತು. ಯಾರೋ ‘ಶೈಲಕ್ಕ’ ಅಂದರು. ನಾನು ಚುರುಮುರಿಯಲ್ಲಿ ನೆಲಗಡಲೆ ಹುಡುಕುತ್ತಿದ್ದೆ. ತಲೆಯೆತ್ತಿದಾಗ ಗಂಟೆ ಮೂರು ಇಪ್ಪತ್ತು, ಹಗ್ಗ ಸೊಂಟದಲ್ಲಿತ್ತು.

ಓಡಿದೆ. ಬದುವಿನಿಂದ ಗದ್ದೆಗೆ ಹಾರಿದ ಮೊದಲ ಹೆಜ್ಜೆಗೇ ಒಂದು ಚಪ್ಪಲಿ ಭೂಮಿಗೆ ಸೇರಿತು. ಎರಡನೆಯದಕ್ಕೆ ಇನ್ನೊಂದು. ಮೂರನೆಯದಕ್ಕೆ ನಾನೇ. ಮುಖ ಅಡಿಯಾಗಿ ಬಿದ್ದೆ. ಬದುವಿನ ಮೇಲೆ ಶಿಳ್ಳೆ. ಮೈಕು ಹಿಡಿದವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ?

‘ಇದೀಗ ನಮ್ಮ ಮೂಡಿಗೆರೆಯ ಅಳಿಯಂದಿರು ಅತ್ಯುತ್ಸಾಹದಿಂದ ಗದ್ದೆಗೆ ಇಳಿದಿದ್ದಾರೆ. ದಯವಿಟ್ಟು ಜೋರಾದ ಚಪ್ಪಾಳೆ. ಅಳಿಯಂದಿರೇ, ಗಂಡಸರ ಓಟ ಆಮೇಲೆ ಇದೆ, ಸ್ವಲ್ಪ ತಾಳ್ಮೆ ಇರ್ಲಿ.’

‘ಶೈಲಾ, ಬಿಡು, ಹಗ್ಗ ಬಿಡು’ ಎಂದು ಕೂಗಿದೆ. ಬಾಯಲ್ಲಿ ಕೆಸರಿತ್ತು. ಅವಳು ನನ್ನನ್ನು ಕಂಡಳು, ಒಂದು ಕೈ ಎತ್ತಿ ಟಾಟಾ ಮಾಡಿದಳು, ಮತ್ತೆ ಹಿಂದಕ್ಕೆ ವಾಲಿದಳು. ಅವಳ ಕುತ್ತಿಗೆಯ ನರಗಳು ಉಬ್ಬಿದ್ದು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. (ಈಗಲೂ ಕಾಣುತ್ತದೆ. ಹಲ್ಲುಜ್ಜುವಾಗ, ಗಿರಾಕಿಗೆ ಚಿಲ್ಲರೆ ಕೊಡುವಾಗ.)

ವಿಸಿಲ್ ಕೇಳಿಸಿತು. ಗೆದ್ದರು.

ನಾನು ತೆವಳಿಕೊಂಡು ಹತ್ತಿರ ಹೋದಾಗ ಅವಳು ಕೆಸರಿನಲ್ಲಿ ಕಾಲು ಚಾಚಿ ಕೂತು ಹೊಟ್ಟೆ ಹಿಡಿದು ನಗುತ್ತಿದ್ದಳು. ‘ನಿಮ್ಮ ಮುಖ ನೋಡ್ಕೊಳ್ಳಿ ರೀ, ಎಮ್ಮೆ ಎದ್ದು ಬಂದ ಹಾಗಿದೆ.’ ಆಮೇಲೆ ನಗು ಅರ್ಧಕ್ಕೆ ನಿಂತಿತು.

‘ಬೆನ್ನಲ್ಲಿ ಎಂತದೋ ಚಳಕ್ ಅಂತು.’

‘ಎಲ್ಲಿ?’

ಕೈಯನ್ನು ಹಿಂದೆ ಹಾಕಿ ತೋರಿಸಿದಳು. ಎರಡು ಹೆಗಲಿನ ನಡುವೆ.

ಎದೆಯಲ್ಲೋ ಹೆಗಲುಗಳ ನಡುವೆಯೋ ಇದ್ದಕ್ಕಿದ್ದಂತೆ ನೋವು ಬಂದರೆ ಬಿಸಿನೀರು, ಮುಲಾಮು ಎಂದು ಕೂರಬೇಡಿ, ಆಸ್ಪತ್ರೆಗೆ ಓಡಿ. ಡಾಕ್ಟರು ಪ್ರತಿ ವರ್ಷ ಹೇಳುವ ಮಾತು ಅದು. ನನಗೆ ಆ ಮಾತು ಅವರ ಧ್ವನಿಯಲ್ಲೇ ಕೇಳಿಸಿತು.

ಪಕ್ಕದ ಮನೆಯ ಲೋಕೇಶನ ಜೀಪು ರಸ್ತೆಯಲ್ಲೇ ಇತ್ತು. ಹಿಂದೆ ನಾವಿಬ್ಬರು, ಮುಂದೆ ಲೋಕೇಶನ ಜೊತೆ ಶೈಲಾಳ ದೊಡ್ಡಪ್ಪ. ತೀರಿಹೋದ ಅವಳಪ್ಪನ ಅಣ್ಣ. ಅವರು ಎಷ್ಟು ಎತ್ತರವೆಂದರೆ ಜೀಪಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಮೊದಲು ಕಳಸದ ಆಸ್ಪತ್ರೆ ಎಂದು ತೀರ್ಮಾನವಾಯಿತು. ಜೀಪು ಹೊರಟ ಮೇಲೆ ನಾನು ಸುಮ್ಮನೆ ಧೈರ್ಯಕ್ಕೆಂದು ಕೇಳಿದೆ.

‘ಬೆಳಿಗ್ಗೆ ಮಾತ್ರೆ ತಗೊಂಡಿದ್ದೀಯಲ್ಲ?’

ಅವಳು ಕೈಯ ಮೇಲಿನ ಕೆಸರು ಕೆರೆಯತೊಡಗಿದಳು.

‘ಶೈಲಾ.’

‘ಇರ್ಲಿಲ್ಲ.’

‘ಎಂತ ಇರ್ಲಿಲ್ಲ?’

‘ಮಾತ್ರೆ. ರೋಡ್ ಬಂದ್ ಆಗಿತ್ತಲ್ಲ, ಆಗ್ಲೇ ಖಾಲಿ ಆಯ್ತು.’

‘ತಿಂಗಳಿಗೆ ಸಾಕಾಗೋಷ್ಟು ನಾನೇ ಬ್ಯಾಗಿಗೆ ಹಾಕಿದ್ದೆ.’

‘ಕೊಟ್ಟೆ.’

‘ಮಾತ್ರೆನಾ? ಯಾರಿಗೆ?’

ಮುಂದಿನ ಸೀಟಿನಲ್ಲಿ ದೊಡ್ಡಪ್ಪ ಕೆಮ್ಮಿದರು.

ನಡೆದದ್ದು ಇಷ್ಟು. ಅದರ ಹಿಂದಿನ ವಾರ ಧರೆ ಕುಸಿದು ರಸ್ತೆ ಮುಚ್ಚಿತ್ತು. ಶೈಲಾ ತವರಿನಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಕರೆಂಟಿಲ್ಲ, ನೆಟ್‌ವರ್ಕ್ ಗುಡ್ಡದ ತುದಿಯಲ್ಲಿ ಮಾತ್ರ, ಕಳಸದ ಮೆಡಿಕಲ್ ಶಾಪಿಗೆ ದಾರಿಯಿಲ್ಲ. ಅಂಥ ದಿನಗಳಲ್ಲಿ ನಮ್ಮ ಕಡೆ ಮನೆಗಳು ಒಂದರ ಮೇಲೊಂದು ಒರಗಿಕೊಂಡು ಬದುಕುತ್ತವೆ. ಇವರ ಮನೆಯ ಸೀಮೆಣ್ಣೆ ಅವರ ಮನೆಗೆ, ಅವರ ಹೆಪ್ಪು ಇವರ ಮನೆಗೆ. ಗರಗಸ, ಕೊಡೆ, ಟಾರ್ಚಿನ ಶೆಲ್ಲು, ಎಲ್ಲ ಕೈಗಡ. ಹಾಗೆಯೇ ಬಿ.ಪಿ. ಮಾತ್ರೆ ಕೂಡ. ದೊಡ್ಡಪ್ಪನ ಲೋಸಾರ್ಟನ್ ಮುಗಿಯಿತು. ಶೈಲಾ ತನ್ನದನ್ನು ಕೊಟ್ಟಳು. ಮಾರನೇ ದಿನ ತೋಟದಾಚೆಯ ಮನೆಯ ಪುಟ್ಟಕ್ಕ ಬಂದರು. ಅವರದು ಅಟೆನೊಲಾಲ್. ಅದೂ ಇತ್ತು. ಸುದ್ದಿ ಹಳ್ಳ ದಾಟಿತು. ‘ಶೈಲನ ಹತ್ರ ಎರಡೂ ಥರದ್ದು ಉಂಟಂತೆ.’ ಸ್ಟ್ರಿಪ್ಪುಗಳು ಕತ್ತರಿಯಲ್ಲಿ ತುಂಡಾಗಿ ಹಳ್ಳದ ಎರಡೂ ದಡ ಸೇರಿದವು. ಬದಲಿಗೆ ಬಾಳೆಗೊನೆ ಬಂತು, ಕಳಲೆ ಉಪ್ಪಿನಕಾಯಿ ಬಂತು, ಹಲಸಿನ ಹಪ್ಪಳ ಬಂತು.

‘ನನಗೆ ಒಂದು ಮಾತು ಹೇಳೋದಲ್ವಾ?’

‘ಹೇಳಿದ್ರೆ ನೀವು ಬೆಟ್ಟ ಹತ್ತಿ ನಡ್ಕೊಂಡು ಬರ್ತಿದ್ರಿ. ಅಲ್ಲ ರೀ, ನೀವೇ ಯೋಚನೆ ಮಾಡಿ. ನಂದು ನೂರಾ ಹತ್ತು. ದೊಡ್ಡಪ್ಪಂದು ನೂರಾ ಎಪ್ಪತ್ತು. ಮಾತ್ರೆ ಯಾರಿಗೆ ಬೇಕು?’

ಶೈಲಾ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಲೆಕ್ಕ ಪಕ್ಕಾ ಇತ್ತು. ಉತ್ತರ ಮಾತ್ರ ಪ್ರಾಣಕ್ಕೆ ಬರುವಂಥದ್ದು.

‘ಮತ್ತೆ ಇನ್ನೊಂದು’ ಎಂದಳು, ಬೆನ್ನು ನೋಯದ ಹಾಗೆ ನನ್ನ ಮೇಲೆ ಒರಗಿಕೊಂಡು. ‘ಅದು ಬಿಟ್ಟ ಮೇಲೆ ಎಷ್ಟು ಚುರುಕಾಗಿದ್ದೆ ಗೊತ್ತಾ? ಮಾತ್ರೆ ತಗೊಂಡ್ರೆ ಎದೆ ಎತ್ತಿನಗಾಡಿ ಥರ ಹೋಗ್ತಿತ್ತು. ಈಗ ಗುಡ್ಡ ಹತ್ತಿದ್ರೆ ದಡಬಡ ಅಂತ ಹೊಡ್ಕೊಳ್ಳೋದು. ಕಾಲೇಜಿಗೆ ಹೋಗೋ ವಯಸ್ಸು ವಾಪಸ್ ಬಂದ ಹಾಗಿತ್ತು. ಅದಕ್ಕೇ ಹಗ್ಗ ಹಿಡಿದಿದ್ದು.’

ಎತ್ತಿನಗಾಡಿಯ ಹಾಗೆ ಹೋಗಲಿ ಎಂದೇ ಆ ಮಾತ್ರೆ ಕೊಟ್ಟಿದ್ದು ಮಾರಾಯ್ತಿ. ಹೇಳಬೇಕೆನಿಸಿತು. ಬದಲಿಗೆ, ಜೀಪು ಕುಲುಕಿದಾಗ ಅವಳ ಹೆಗಲು ಹಿಡಿದುಕೊಂಡೆ.

ದೊಡ್ಡಪ್ಪ ಹಿಂದಕ್ಕೆ ತಿರುಗಿದರು. ‘ಬಿ.ಪಿ. ಇಲ್ದವ್ಳಿಗೆ ಬಿ.ಪಿ. ಮಾತ್ರೆ ಎಂತಕ್ಕೆ ಅಂತ ನಾನೇ ಅಂದಿದ್ದು ಮಾರಾಯ್ರೆ. ಪ್ಯಾಟೆ ಡಾಕ್ಟ್ರು ಸುಮ್ನೆ ಬರ್ದಿರ್ತಾರೆ ಅಂದ್ಕಂಡೆ.’

ನನ್ನದು ಸ್ಪ್ರೇಯರ್, ಪಂಪು, ಪೈಪು ಮಾರುವ ಅಂಗಡಿ ಎಂಬುದು ಹಳೆಯ ಓದುಗರಿಗೆ ಗೊತ್ತು. ನನಗೆ ಬೇರೆ ಭಾಷೆ ಬರುವುದಿಲ್ಲ.

‘ದೊಡ್ಡಪ್ಪ, ತೋಟಕ್ಕೆ ಔಷಧಿ ಹೊಡೆಯುವಾಗ ಪೈಪು ಒಂದು ಕಡೆ ಉಬ್ಬಿಕೊಂಡ್ರೆ ಎಂತ ಮಾಡ್ತೀರಿ?’

‘ಎಂಜಿನ್ ಸ್ಲೋ ಮಾಡ್ತೀನಿ.’

‘ಯಾಕೆ, ಪ್ರೆಶರ್ ಜಾಸ್ತಿ ಇತ್ತಾ?’

‘ಪ್ರೆಶರ್ ಸರಿಯೇ ಇರ್ತದೆ. ಪೈಪೇ ವೀಕು, ಎಂತ ಮಾಡದು.’

ಹೇಳಿ ಮುಗಿಸಿದವರು ಶೈಲಾಳನ್ನೇ ನೋಡಿದರು.

ಕಳಸದಲ್ಲಿದ್ದದ್ದು ಕಿರಿಯ ಡಾಕ್ಟರು. ಕಾಯಿಲೆಯ ಹೆಸರು ಹೇಳಿದ್ದೇ ತಡ, ಎರಡೂ ಕೈಯ ಬಿ.ಪಿ. ನೋಡಿದರು, ಇಸಿಜಿ ತೆಗೆದರು, ನಾಡಿ ಇಳಿಸಲು ಔಷಧ ಕೊಟ್ಟರು. ‘ಮಾಂಸಖಂಡದ ನೋವೂ ಇರಬಹುದು, ನಾಳ ಸೀಳಿದ್ದೂ ಇರಬಹುದು. ಸಿ.ಟಿ. ಮಾಡದೆ ಹೇಳೋಕಾಗಲ್ಲ. ಮಂಗಳೂರಿಗೆ ಹೊರಡಿ’ ಎಂದು ಆಂಬ್ಯುಲೆನ್ಸ್ ಹತ್ತಿಸಿದರು.

ಕಳಸದಿಂದ ಮಂಗಳೂರಿಗೆ ದಾರಿ ಎಲ್ಲಿಂದ? ಮತ್ತೆ ಸಂಸೆಯ ಮೇಲೆಯೇ.

ಗದ್ದೆಯ ಹತ್ತಿರ ಬಂದಾಗ ಬಹುಮಾನ ವಿತರಣೆ ನಡೆದಿತ್ತು. ಜನ ರಸ್ತೆಯ ತುಂಬ. ಆಂಬ್ಯುಲೆನ್ಸ್ ನಿಧಾನವಾಯಿತು. ಸೈರನ್ನಿನ ಮೇಲೆ ಮೈಕು ಕೇಳಿಸುತ್ತಿತ್ತು. ‘ಮಹಿಳಾ ವಿಭಾಗದ ಕ್ಯಾಪ್ಟನ್ ಎಲ್ಲಿದ್ದರೂ ವೇದಿಕೆಗೆ ಬರಬೇಕು.’ ಯಾರೋ ಹೆಂಗಸು ಕೆಸರುಗಾಲಿನಲ್ಲೇ ಓಡಿಬಂದು ಮುಂದಿನ ಕಿಟಕಿಯಿಂದ ಮೊಳದುದ್ದದ ಕಪ್ಪೊಂದನ್ನು ದೊಡ್ಡಪ್ಪನ ತೊಡೆಗೆ ತುರುಕಿದಳು. ‘ಶೈಲಕ್ಕಂಗೆ ಕೊಡಿ. ಬೇಗ ಹುಷಾರಾಗ್ಲಿ.’

ಸ್ಟ್ರೆಚರಿನ ಮೇಲಿಂದ ಶೈಲಾ ತಲೆಯೆತ್ತಿದಳು. ‘ಕಪ್ ದೊಡ್ಡದು ಉಂಟಾ?’

‘ಮಲಗು ಮಾರಾಯ್ತಿ.’

ಕುದುರೆಮುಖದ ತಿರುವುಗಳಲ್ಲಿ ನಾನು ಅವಳ ಮಣಿಕಟ್ಟು ಹಿಡಿದು ಕೂತಿದ್ದೆ. ಅವಳು ಸುಮ್ಮನಿರಲಿಲ್ಲ. ನಾನು ಗದ್ದೆಯಲ್ಲಿ ಬಿದ್ದದ್ದು ವಿಡಿಯೋ ಆಗಿರಬೇಕು ಎಂದಳು. ಹೊಸ ಚಪ್ಪಲಿ ನವೆಂಬರಿನಲ್ಲಿ ಗದ್ದೆ ಕೊಯ್ಲಿಗೆ ಸಿಗುತ್ತದೆ ಎಂದಳು. ಕಾಡು ದಟ್ಟವಾದ ಒಂದು ಕಡೆ ಮಾತು ನಿಲ್ಲಿಸಿ, ‘ಅಪ್ಪಂಗೂ ಹೀಗೇ ಆಗಿದ್ದಾ?’ ಎಂದು ಕೇಳಿದಳು.

ನಾನು ಕೈ ಬಿಗಿಯಾಗಿ ಹಿಡಿದೆ.

ಮಂಗಳೂರಿನ ಆಸ್ಪತ್ರೆಯವರು ಅವತ್ತು ಕಂಡ ದೃಶ್ಯ ಹೀಗಿತ್ತು: ಮೈಗೆಲ್ಲ ಒಣಗಿದ ಕೆಸರಿನ ಪೇಷೆಂಟ್, ಅವಳಿಗಿಂತ ಹೆಚ್ಚು ಕೆಸರಿನ, ಬರಿಗಾಲಿನ ಗಂಡ, ಮತ್ತು ಬಹುಮಾನದ ಕಪ್ ಅಪ್ಪಿಕೊಂಡ ಒಬ್ಬ ಆರಡಿ ಮೀರಿದ ಮುದುಕ. ಸಿ.ಟಿ. ಕೋಣೆಯ ಹುಡುಗಿ ‘ಮೈಮೇಲೆ ಲೋಹದ್ದು ಏನಿದ್ರೂ ತೆಗೀರಿ’ ಎಂದಾಗ ದೊಡ್ಡಪ್ಪ ಗಾಬರಿಯಿಂದ ಕಪ್ಪನ್ನು ಅವಳ ಕೈಗೆ ಕೊಟ್ಟರು.

ಬಾಗಿಲು ಮುಚ್ಚಿತು. ಕೆಂಪು ಲೈಟು ಹತ್ತಿತು. ನೀವು ಯಾವತ್ತಾದರೂ ಒಂದು ಕೆಂಪು ಲೈಟನ್ನು ಕಣ್ಣು ಮಿಟುಕಿಸದೆ ನೋಡಿದ್ದೀರಾ? ಬೇಡ.

ಡಾಕ್ಟರಮ್ಮ ಹೊರಗೆ ಬಂದರು. ‘ಸೀಳಿಲ್ಲ. ನಾಳದ ಅಳತೆ ಹಿಂದಿನ ಎಕೋದಲ್ಲಿ ಇದ್ದಷ್ಟೇ ಇದೆ. ಬೆನ್ನಿನ ಮಾಂಸಖಂಡ ಹಿಡ್ಕೊಂಡಿದೆ, ಅಷ್ಟೇ.’

ಅಷ್ಟೇ. ಕನ್ನಡದಲ್ಲಿ ಇದಕ್ಕಿಂತ ಚಂದದ ಪದ ಇದೆಯೇ?

ಆಮೇಲೆ ನಾನು ಏನೇನು ಮಾಡಿದೆ ಎಂಬುದಕ್ಕೆ ದೊಡ್ಡಪ್ಪನೇ ಸಾಕ್ಷಿ. ಸೆಕ್ಯುರಿಟಿಯವರ ಕೈ ಕುಲುಕಿದೆನಂತೆ. ಆಂಬ್ಯುಲೆನ್ಸ್ ಡ್ರೈವರನ್ನು ಅಪ್ಪಿಕೊಂಡೆನಂತೆ, ಅವರ ಬಿಳಿ ಶರಟು ಸಂಸೆಯ ಬಣ್ಣಕ್ಕೆ ತಿರುಗಿತಂತೆ. ಕ್ಯಾಂಟೀನಿನಲ್ಲಿ ಗುರುತಿಲ್ಲದವರಿಗೆಲ್ಲ ಗೋಳಿಬಜೆ ಕೊಡಿಸಿದ್ದು ಮಾತ್ರ ನನಗೂ ನೆನಪಿದೆ. ಒಬ್ಬರು ‘ಗಂಡು ಮಗುವಾ?’ ಎಂದು ಕೇಳಿದರು. ‘ಹೆಂಡತಿ’ ಎಂದೆ.

ಡಾಕ್ಟರಮ್ಮ ಬೈಗುಳವನ್ನು ಬಾಕಿ ಇಟ್ಟುಕೊಂಡಿದ್ದರು. ವಾರ್ಡಿಗೆ ಬಂದು ತೀರಿಸಿದರು. ‘ಅಟೆನೊಲಾಲ್ ಇದ್ದಕ್ಕಿದ್ದಂತೆ ನಿಲ್ಲಿಸೋದೇ ಅಪಾಯ. ನಿಲ್ಲಿಸಿ ಹಗ್ಗ ಬೇರೆ ಎಳೆದಿದ್ದೀರಿ. ಟೀಚರ್ ಅಂತೀರಿ, ಇದನ್ನ ಮಕ್ಕಳಿಗೆ ಹೇಳ್ಕೊಡ್ತೀರಾ? ಮಾತ್ರೆ ತಗೊಂಡವರು ಯಾರು?’

ದೊಡ್ಡಪ್ಪ ತಪ್ಪು ಮಾಡಿದ ಹುಡುಗನ ಹಾಗೆ ಎದ್ದು ನಿಂತರು. ಏಳುತ್ತಲೇ ಹೋದರು. ಡಾಕ್ಟರಮ್ಮನ ಕಣ್ಣು ಅವರ ಜೊತೆಯಲ್ಲೇ ಮೇಲೇರಿತು, ಆಮೇಲೆ ವಾಪಸ್ ಸಿಕ್ಕ ಕಪ್ ಹಿಡಿದ ಬೆರಳುಗಳಿಗೆ ಇಳಿಯಿತು. ಬೈಗುಳ ನಿಂತಿತು.

‘ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ಹಿಡೀರಿ.’

ಹಿಡಿದರು. ಹೆಬ್ಬೆರಳಿನ ತುದಿ ಮುಷ್ಟಿಯ ಆಚೆ ಬದಿಯಿಂದ ಇಣುಕಿತು.

‘ನಿಮಗೆ ಯಾವತ್ತಾದ್ರೂ ಎಕೋ ಆಗಿದೆಯಾ?’

‘ನಂಗೆಂತಕ್ಕೆ ಅಮ್ಮ? ನಂಗೆ ಬರೀ ಬಿ.ಪಿ.’

ಶೈಲಾಗೆ ಈ ಕಾಯಿಲೆ ಇದೆಯೆಂದು ಗೊತ್ತಾದಾಗಲೇ ರಕ್ತಸಂಬಂಧಿಗಳೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿದ್ದರು. ದೊಡ್ಡಪ್ಪ ‘ಕಾಫಿ ಕೊಯ್ಲು ಮುಗೀಲಿ’ ಎಂದರು. ಅದು ಮುಗಿದ ಮೇಲೆ ‘ಮೆಣಸು ಮುಗೀಲಿ’ ಎಂದರು. ನಮ್ಮ ಕಡೆ ಯಾವುದು ಯಾವತ್ತು ಮುಗಿದಿದೆ?

ಮಾರನೇ ಬೆಳಿಗ್ಗೆ ಅವರಿಗೂ ಎಕೋ ಆಯಿತು. ಅವರ ಮಹಾಧಮನಿಯೂ ಅಗಲವಾಗಿತ್ತು. ಆಪರೇಷನ್ನಿನ ಅಳತೆಗೆ ಇನ್ನೂ ಬಂದಿರಲಿಲ್ಲ. ಸದ್ಯಕ್ಕೆ ಮಾತ್ರೆ, ವರ್ಷ ವರ್ಷ ಅಳತೆ, ಮೂಟೆ ಎತ್ತುವುದು ಬಂದ್. ಈಗ ಅವರಿಗೆ ಅವರದೇ ಚೀಟಿ, ಅವರದೇ ಡೋಸು, ಅವರದೇ ಡಬ್ಬ. ಆ ವಾರ್ಡಿನಲ್ಲಿ ಸಂಜೆಯವರೆಗೆ ಎಲ್ಲರೂ ಹೆಬ್ಬೆರಳು ಮಡಚಿ ನೋಡಿಕೊಳ್ಳುತ್ತಿದ್ದರು, ನೆಲ ಒರೆಸುವವರ ತನಕ. (ನೀವೂ ಈಗ ಮಡಚುತ್ತಿದ್ದೀರಿ, ಗೊತ್ತು. ಬರೀ ಬೆರಳು ಇಣುಕಿದರೆ ಕಾಯಿಲೆ ಅಂತಲ್ಲ. ಅನುಮಾನ ಇದ್ದರೆ ಡಾಕ್ಟರನ್ನು ಕೇಳಿ.)

ಇದರಿಂದ ನನ್ನ ಸಂಸಾರಕ್ಕೆ ಆದ ನಷ್ಟವೇನೆಂದರೆ, ಶೈಲಾಗೆ ಒಂದು ವಾದ ಸಿಕ್ಕಿಬಿಟ್ಟಿತು. ‘ನೋಡಿದ್ರಾ, ನಾನು ಸರಿಯಾದವರಿಗೇ ಕೊಟ್ಟಿದ್ದೆ.’ ಬಿ.ಎಸ್ಸಿ. ಓದಿದವನು ನಾನು. ಇದಕ್ಕೆ ಏನು ಉತ್ತರ ಕೊಡಬೇಕೆಂದು ಇವತ್ತಿಗೂ ಹೊಳೆದಿಲ್ಲ. ಪುಟ್ಟಕ್ಕನಿಗೂ ಹಳ್ಳದಾಚೆಯವರಿಗೂ ಯಾವ ಲೆಕ್ಕದಲ್ಲಿ ಕೊಟ್ಟೆ ಎಂದು ಕೇಳಿದರೆ, ಹಲಸಿನ ಹಪ್ಪಳ ಕರಿಯಲು ಎದ್ದು ಹೋಗುತ್ತಾಳೆ.

ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಫ್ರಿಜ್ಜಿನ ಮೇಲಿರುವ ಡಬ್ಬದಿಂದ ಎಷ್ಟು ಮಾತ್ರೆಗಳು ಪಕ್ಕದ ಮನೆಗೆ ಹೋಗಿವೆ? ‘ನಂದೂ ಅದೇ, ತಗೊಳ್ಳಿ’ ಎಂದು ಎಷ್ಟು ಸಲ ಹೇಳಿದ್ದೀರಿ? ಹೆಸರು ಅದೇ ಇರಬಹುದು. ಯಾರ ಒಳಗೆ ಅದು ಯಾವ ಕೆಲಸಕ್ಕೆ ಹೋಗುತ್ತಿದೆ ಎಂದು ಸ್ಟ್ರಿಪ್ಪಿನ ಬೆನ್ನ ಮೇಲೆ ಬರೆದಿರುವುದಿಲ್ಲ. ಸಕ್ಕರೆ ಕೊಡಿ, ಹೆಪ್ಪು ಕೊಡಿ, ಬೇಕಾದರೆ ನನ್ನ ಅಂಗಡಿಯ ಸ್ಪ್ರೇಯರನ್ನೇ ಕೊಡಿ. ಮಾತ್ರೆ ಬೇಡ.

ಮನೆಗೆ ಬಂದ ಮೇಲೆ ಒಂದು ತೊಂದರೆ ಶುರುವಾಯಿತು. ನಿದ್ದೆಯಿಲ್ಲ. ಹಗಲೆಲ್ಲ ನಗುತ್ತಿದ್ದೆವು, ಬಂದವರಿಗೆಲ್ಲ ಕತೆ ಹೇಳಿದೆವು, ನನ್ನ ವಿಡಿಯೋ ನೋಡಿದೆವು (ಇದೆ, ಎರಡು ಕೋನದಿಂದ). ಕಣ್ಣು ಮುಚ್ಚಿದರೆ ಮಾತ್ರ ಆ ಕುತ್ತಿಗೆಯ ನರ. ಮೆಲ್ಲಗೆ ಅವಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ.

‘ಇದ್ದೀನಿ. ಮಲಗಿ’ ಎನ್ನುತ್ತಿದ್ದಳು ಕತ್ತಲಿನಿಂದ.

ಅಂದರೆ ಅವಳಿಗೂ ನಿದ್ದೆಯಿಲ್ಲ. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಎಚ್ಚರವಿರುವುದು ಬಹಳ ಸುಸ್ತಿನ ಕೆಲಸ. ಅಂಗಡಿಯಲ್ಲಿ ನಾನು ನಟ್ಟು ಕೇಳಿದವರಿಗೆ ನಾಜಲ್ ಕೊಟ್ಟೆ. ಅವಳು ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿಗೆ ಒರಗಿ ತೂಕಡಿಸಿದಳಂತೆ, ಸೀರೆಯ ಬೆನ್ನಿನ ಮೇಲೆ ಒಂದು ಸಮೀಕರಣ ಮನೆಗೆ ಬಂತು.

ಮೊನ್ನೆ ಭಾನುವಾರ ಕಣ್ಣು ಬಿಟ್ಟಾಗ ಕೋಣೆಯ ತುಂಬ ಬೆಳಕು. ಎಂಟು ದಾಟಿತ್ತು. ಮಲಗಿದ್ದು ನೆನಪಿದೆ, ನಡುವೆ ಎದ್ದದ್ದು ನೆನಪಿಲ್ಲ. ಥಟ್ಟನೆ ಪಕ್ಕಕ್ಕೆ ಹೊರಳಿದೆ. ಶೈಲಾ ಆಗಷ್ಟೇ ಎದ್ದು, ಕೆದರಿದ ತಲೆಯಲ್ಲೇ ಮಂಚದ ಅಂಚಿಗೆ ಕೂತು, ಸ್ಟ್ರಿಪ್ಪಿನಿಂದ ಅವತ್ತಿನ ಮಾತ್ರೆ ಒತ್ತಿ ತೆಗೆಯುತ್ತಿದ್ದಳು.

‘ನಿದ್ದೆ ಬಂತಾ ನಿಮಗೆ?’

‘ಬಂತು. ನಿನಗೆ?’

‘ನಂಗೂ. ಒಂದೇ ಸಮ.’

ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಲೋಟ ಕೆಳಗಿಟ್ಟು, ತಪ್ಪು ಲೆಕ್ಕ ಹಿಡಿದ ಟೀಚರಿನ ಹಾಗೆ ನನ್ನನ್ನು ನೋಡಿದಳು.

‘ಹಾಗಾದ್ರೆ ರಾತ್ರಿಯಿಡೀ ನನ್ನನ್ನ ಕಾಯ್ತಾ ಇದ್ದಿದ್ದು ಯಾರು?’